ಅಪ್‌ಡೇಟ್: ಯುಸಾಂಗ್-ಗುನಲ್ಲಿ ಮನೆ ಸಿಕ್ಕಿತು

ಕೊರಿಯಾದ ಕೈಸ್ಟ್‌ನಲ್ಲಿ ಪಿಎಚ್‌ಡಿ ಸೀಟು ಸಿಕ್ಕಿದೆ, ವಿಳಾಸದಲ್ಲಿ ‘ಡೇಜಾನ್, ಯುಸಾಂಗ್-ಗು’ ಅಂತಿದೆ, ಅದು ಬೇರೆ ಊರಾ, ಮನೆ ಎಲ್ಲಿ ಹಿಡಿಯಲಿ ಅಂತ ಕೇಳಿದ್ದೆ. ಈಗ ಬಂದು ಸೇರಿದ್ದೇನೆ.

ಬೇರೆ ಊರಲ್ಲ. ಡೇಜಾನ್ ನಗರವನ್ನು 5 ‘ಗು’ ಅಂದರೆ ಆಡಳಿತ ವಿಭಾಗಗಳಾಗಿ ಮಾಡಿದ್ದಾರೆ, ಅದರಲ್ಲಿ ಇದೂ ಒಂದು. ಆದರೆ ಸುಮ್ನೆ ವಾರ್ಡ್ ಅಂದುಕೊಳ್ಳಬೇಡಿ. ಗುವಿಗೆ ಜನರೇ ವೋಟು ಹಾಕಿ ಆರಿಸಿದ ಮುಖ್ಯಸ್ಥರಿದ್ದಾರೆ, ಅದರದ್ದೇ ಕೌನ್ಸಿಲ್ ಇದೆ. ಅದರೊಳಗೆ ‘ದೊಂಗ್’ ಅನ್ನುವ ಸಣ್ಣ ಭಾಗಗಳು. ಹಾಸ್ಟೆಲ್ ಬಿಟ್ಟಾಗ ಹೊಸ ವಿಳಾಸ ಬರೆಸುವ ಕೆಲಸ ದೊಂಗ್ ಕಚೇರಿಯಲ್ಲೇ ಮುಗಿಯಿತು. ವಲಸೆ ಕಚೇರಿವರೆಗೆ ಅಲೆಯಬೇಕಾಗಲಿಲ್ಲ.

ಮನೆ ಗುಂಗ್-ದೊಂಗ್‌ನಲ್ಲಿ, ಒಂದೇ ಕೋಣೆ. ವಿದ್ಯಾರ್ಥಿಗಳೇ ಜಾಸ್ತಿ ಇರುವ ಜಾಗ. ಕ್ಯಾಂಪಸ್ಸಿಗೆ ನಡೆದೇ ಹೋಗುತ್ತೇನೆ. ಇದನ್ನು ಸೂಚಿಸಿದ ಅಕ್ಕನಿಗೆ ತುಂಬಾ ಥ್ಯಾಂಕ್ಸ್.

ಒಂದು ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಸಂಶೋಧನಾ ಸಂಸ್ಥೆಗಳು, 1993ರ ಎಕ್ಸ್‌ಪೋ ನಡೆದ ಜಾಗ, ಇದೆಲ್ಲ ಓದಿಕೊಂಡೇ ಬಂದಿದ್ದೆ. ಆದರೆ ಯುಸಾಂಗ್ ಬಿಸಿನೀರಿನ ಬುಗ್ಗೆಗಳ ಊರು! ರಸ್ತೆ ಪಕ್ಕದ ಪಾರ್ಕಿನಲ್ಲೇ ಕಾಲು ಇಳಿಬಿಟ್ಟು ಕೂರಲು ಬಿಸಿನೀರಿನ ತೊಟ್ಟಿ ಕಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ. ಮೊದಲ ಚಳಿಗೆ ನಡುಗುತ್ತಾ ಹೋಗಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಕೈಸನ್ನೆಯಲ್ಲೇ ಮೊದಲು ಕಾಲು ತೊಳೆದುಕೋ ಅಂದರು, ಆಮೇಲೆ ಜರುಗಿ ಜಾಗ ಮಾಡಿಕೊಟ್ಟರು. ಮನೆ ಬಿಟ್ಟು ಬಂದ ಮೇಲೆ ಅವತ್ತೇ ಮೊದಲ ಸಲ ಮನಸ್ಸು ಹಗುರಾಯಿತು.