ಸಹಾಯ ಬೇಕು: ಕೊರಿಯಾದಲ್ಲಿ ಹನ್ನೊಂದನೇ ತಿಂಗಳಿಗೇ ಕೆಲಸ ಬಿಡಿ ಅಂತಿದ್ದಾರೆ

ನಮಸ್ಕಾರ. ನನ್ನದು ಕೆನಡಾ ಪಾಸ್‌ಪೋರ್ಟ್. ದೇಗು ನಗರದ ಒಂದು ಹಗ್ವಾನ್‌ನಲ್ಲಿ, ಅಂದರೆ ಖಾಸಗಿ ಟ್ಯೂಷನ್ ಸೆಂಟರ್‌ನಲ್ಲಿ, ಇ-2 ವೀಸಾ (ವಿದೇಶಿ ಭಾಷಾ ಶಿಕ್ಷಕರಿಗೆ ಕೊಡುವ ವೀಸಾ) ಮೇಲೆ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ. ಒಂದು ವರ್ಷ ತುಂಬಿದರೆ ಬಿಡುವಾಗ ಸುಮಾರು ಒಂದು ತಿಂಗಳ ಸಂಬಳದಷ್ಟು ಹಣ ಕೊಡಬೇಕು ಅಲ್ವಾ, ಈಗ ಹನ್ನೊಂದನೇ ತಿಂಗಳಲ್ಲಿ ಮಾಲೀಕರು ಮಕ್ಕಳು ಕಡಿಮೆಯಾಗಿದ್ದಾರೆ ಅಂತ ಹೇಳಿ ರಾಜೀನಾಮೆಗೆ ಸಹಿ ಹಾಕಿ, ಹಾಕಿದರೆ ಮಾತ್ರ ಬೇರೆ ಕಡೆ ಸೇರಲು ರಿಲೀಸ್ ಪತ್ರ ಕೊಡುತ್ತೇನೆ ಎನ್ನುತ್ತಿದ್ದಾರೆ. ಸಹಿ ಹಾಕಬೇಕಾದ ರಾಜೀನಾಮೆ ಪತ್ರ ಪೂರ್ತಿ ಕೊರಿಯನ್‌ನಲ್ಲಿದೆ. ಫೋನಿನಲ್ಲಿ ಅನುವಾದ ಮಾಡಿ ನೋಡಿದೆ, ಅರ್ಧಂಬರ್ಧ ಅರ್ಥವಾಯಿತು. ವಲಸೆ ಸಹಾಯವಾಣಿ 1345ರಲ್ಲಿ ಕೇಳಿದರೆ ಕಾರ್ಮಿಕ ಇಲಾಖೆಯ 1350ಕ್ಕೆ ಮಾಡಿ ಎಂದರು, ಅಲ್ಲಿ ಲೈನೇ ಸಿಗುತ್ತಿಲ್ಲ. ಮಕ್ಕಳನ್ನು ಬಿಟ್ಟು ಹೋಗೋಕೆ ಮನಸ್ಸೂ ಇಲ್ಲ. ಶುಕ್ರವಾರ ಉತ್ತರ ಹೇಳಬೇಕು. ಅಲ್ಲಿ ಕಲಿಸಿದವರು ಯಾರಾದರೂ ಹೇಳಿ: ಸಹಿ ಹಾಕದೆ ವರ್ಷ ತುಂಬುವವರೆಗೆ ಕೆಲಸಕ್ಕೆ ಹೋಗುತ್ತಿದ್ದರೆ ನನ್ನ ವೀಸಾಗೆ ತೊಂದರೆ ಆಗುತ್ತದಾ?