ಸಹಾಯ ಬೇಕು: ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಹೋಗುವುದು ಹೇಗೆ?

ನಮಸ್ಕಾರ್ರೀ. ಕಲಬುರಗಿಯಲ್ಲಿ ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಓದುತ್ತಿದ್ದೇನೆ. ಸೋಮವಾರ ಸೆಮಿನಾರ್, ವಿಷಯ ಜಿಎಲ್‌ಪಿ-1 ಪೆಪ್ಟೈಡ್ (ಹೊಟ್ಟೆ ತುಂಬಿದ ಸುದ್ದಿ ಕೊಡುವ ಹಾರ್ಮೋನ್). ಊಟ ಮಾಡಿದಾಗ ಕರುಳಿನ ಎಲ್ ಕೋಶಗಳು ಇದನ್ನು ಬಿಡುತ್ತವೆ, 'ಇನ್ನು ರೊಟ್ಟಿ ಸಾಕು' ಅಂತ ಮೆದುಳಿಗೆ ಗೊತ್ತಾಗುತ್ತದೆ. ಇಲ್ಲಿವರೆಗೆ ಸರಿ. ಆದರೆ ರಕ್ತಕ್ಕೆ ಬಂದರೆ ಡಿಪಿಪಿ-4 ಕಿಣ್ವ ಸುಮಾರು 2 ನಿಮಿಷದಲ್ಲೇ ಅದರ ಅರ್ಧ ಭಾಗ ಕೆಡಿಸಿಬಿಡುತ್ತದೆ. ಮತ್ತೆ ಮೆದುಳು ಮುಟ್ಟೋದು ಯಾವಾಗ? ಪುಸ್ತಕದಲ್ಲಿ ಸುಮ್ನೆ ಒಂದು ಬಾಣ ಹಾಕಿ ಬಿಟ್ಟಿದ್ದಾರೆ. ಸೀನಿಯರ್‌ಗಳಲ್ಲಿ ಒಬ್ಬರು ವೇಗಸ್ ನರ (ಹೊಟ್ಟೆ-ಕರುಳನ್ನು ಮೆದುಳಿಗೆ ಜೋಡಿಸುವ ನರ) ಅಂದರು, ಇನ್ನೊಬ್ಬರು ರಕ್ತ ಅಂದರು. ಮೆದುಳಿನ ಕಾಂಡದಲ್ಲೂ ಜಿಎಲ್‌ಪಿ-1 ತಯಾರಾಗುತ್ತದೆ ಅಂತ ಓದಿದ ಮೇಲೆ ಗೊಂದಲ ಇನ್ನೂ ಜಾಸ್ತಿ ಆಯಿತು. (ಜಿಎಲ್‌ಪಿ-1 ತರಹವೇ ಕೆಲಸ ಮಾಡುವ ಸೆಮಾಗ್ಲುಟೈಡ್ ಔಷಧ ರಕ್ತದಲ್ಲಿ ದಿನಗಟ್ಟಲೆ ಉಳಿಯುತ್ತದೆ, ಅದರ ಲೆಕ್ಕವೇ ಬೇರೆ ಅಲ್ವಾ.)

ಗೊತ್ತಿದ್ದವರು ಇಷ್ಟು ಹೇಳಿ: ಕರುಳಿನ ಜಿಎಲ್‌ಪಿ-1 ಮುಖ್ಯವಾಗಿ ಅಲ್ಲೇ ಪಕ್ಕದ ವೇಗಸ್ ನರದ ತುದಿಗಳ ಮೂಲಕ ಸುದ್ದಿ ಕಳಿಸುತ್ತದೆಯೇ, ಅಥವಾ ರಕ್ತದಲ್ಲಿ ತಾನೇ ಮೆದುಳಿನವರೆಗೆ ಹೋಗುತ್ತದೆಯೇ?