1453 ಒಂದೇ ಕಾರಣವಾ? ಪೋರ್ಚುಗೀಸರು ಯಾಕೆ ಹೊರಟದ್ದು?

ಬದಿಯಡ್ಕದ ಅಮ್ಮ:
ಮಗಳು ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸ್. ನಿನ್ನೆ ರಾತ್ರಿ ನೋಟ್ಸ್ ಓದಿಸ್ತಾ ಇದ್ದೆ, 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದು ಮಸಾಲೆ ದಾರಿ ಬಂದ್ ಮಾಡಿದರು, ಅದಕ್ಕೆ ಯುರೋಪಿನವರು ಕಡಲಿಗೆ ಇಳಿದರು ಅಂತ ಉಂಟು. ವಾಸ್ಕೋ ಡ ಗಾಮ ಕೋಯಿಕ್ಕೋಡಿಗೆ ಬಂದದ್ದು 1498ರಲ್ಲಿ ಅಲ್ವಾ ಅಮ್ಮಾ, 45 ವರ್ಷ ಅವರು ಒಳ್ಳೆಮೆಣಸಿಲ್ಲದೆ ಕೂತಿದ್ರಾ ಅಂತ ಕೇಳಿದ್ಳು. ನನಗೆ ಉತ್ತರ ಬರ್ಲಿಲ್ಲ. ಗೊತ್ತಿದ್ದವರು ಹೇಳಿ.

ರಿಟೈರ್ಡ್ ಮಾಷ್ಟ್ರು:
ಮಗಳ ಪ್ರಶ್ನೆ ಭಾರೀ ಒಳ್ಳೇದುಂಟು. ದಾರಿ ಬಂದ್ ಆಗ್ಲೇ ಇಲ್ಲಮ್ಮ. ನಮ್ಮ ಮೆಣಸು ಕೆಂಪು ಸಮುದ್ರ, ಈಜಿಪ್ಟಿನ ಅಲೆಕ್ಸಾಂಡ್ರಿಯ ಅಂತ ಹೋಗಿ ಇಟಲಿಯ ವೆನಿಸಿನ ವ್ಯಾಪಾರಿಗಳ ಕೈಗೆ ಸೇರ್ತಾನೇ ಇತ್ತು, ತುರ್ಕರು ಈಜಿಪ್ಟ್ ಹಿಡಿದದ್ದೇ 1517ರಲ್ಲಿ, ಅಷ್ಟೊತ್ತಿಗೆ ಪೋರ್ಚುಗೀಸರು ಗೋವಾ ಹಿಡಿದು ಏಳು ವರ್ಷ ಆಗಿತ್ತು. ಇನ್ನೊಂದು, ಪೋರ್ಚುಗೀಸರು ಮೊರಾಕೊದ ಕಡಲಕರೆಯ ಸ್ಯೂಟಾ ಪಟ್ಟಣ ಹಿಡಿದದ್ದು 1415, ಅಂದ್ರೆ 1453ಕ್ಕೆ 38 ವರ್ಷ ಮೊದಲೇ! ಆಗ ಮೆಣಸಲ್ಲ, ಸಹಾರಾ ದಾಟಿ ಬರುವ ಚಿನ್ನ ಬೇಕಿತ್ತು, ಮುಸ್ಲಿಮರ ಮೇಲೆ ಧರ್ಮಯುದ್ಧದ ಆವೇಶ ಇತ್ತು. ಮತ್ತೆ ಆಫ್ರಿಕದ ಕರೆ ಹಿಡಿದು ಕೆಳಗೆ ಕೆಳಗೆ ಇಳಿದ್ರು, 1482ರಲ್ಲಿ ಎಲ್ಮಿನಾ ಕೋಟೆ ಕಟ್ಟಿ ಚಿನ್ನ ತೆಗೆದ್ರು, 1488ರಲ್ಲಿ ಡಯಾಸ್ ಅನ್ನುವ ಅವರ ನಾವಿಕ ಆಫ್ರಿಕದ ತುದಿ ಸುತ್ತಿದ. ಒಂದು ಮೆಟ್ಟಿಲಿನ ಲಾಭವೇ ಮುಂದಿನ ಮೆಟ್ಟಿಲಿಗೆ ಖರ್ಚಿಗೆ. ವೆನಿಸಿನವರನ್ನು ಬದಿಗೆ ಸರಿಸಿ ಮೆಣಸು ಸೀದಾ ತರುವ ಆಸೆ ಬಲವಾದದ್ದು ಆಮೇಲೆ.

ಕುಂಬಳೆಯವ:
ಮಾಷ್ಟ್ರು ಹೇಳಿದ್ದಕ್ಕೆ ಸೇರಿಸ್ತೇನೆ, ಆಸೆ ಇದ್ರೆ ಸಾಲ್ದು, ಗಾಳಿ ಗೊತ್ತಿರ್ಬೇಕು. ಗಾಮ ಆಫ್ರಿಕದ ಮಲಿಂದಿಯಿಂದ ಇಲ್ಲಿನ ದಾರಿ ಗೊತ್ತಿದ್ದ ಪೈಲಟನ್ನು ಕರ್ಕೊಂಡು ಬಂದ, ಒಂದು ತಿಂಗಳೊಳಗೆ ಮುಟ್ಟಿದ. ಹೋಗುವಾಗ ಗಾಳಿ ತಿರುಗುವವರೆಗೆ ಕಾಯದೆ ಹೊರಟು ಅದೇ ಕಡಲು ದಾಟ್ಲಿಕ್ಕೆ ಸುಮಾರು ಮೂರು ತಿಂಗಳು, ವಸಡು ಬಾತು ಎಷ್ಟೋ ಜನ ಹಡಗಲ್ಲೇ ಸತ್ರು. ನಮ್ಮ ಕರೆಯವರಿಗೂ ಅರಬರಿಗೂ ಈ ಗಾಳಿಯ ಲೆಕ್ಕ ಯಾವಾಗ್ಲೋ ಗೊತ್ತಿತ್ತು. 1514ರ ಹೊತ್ತಿಗೆ ಬಾರ್ಬೋಸ ಅನ್ನುವ ಪೋರ್ಚುಗೀಸನೇ ಬರೆದಿಟ್ಟಿದ್ದಾನೆ, ನಮ್ಮ ಕುಂಬಳೆಯಿಂದ ಮಾಲ್ಡೀವ್ಸಿಗೆ ಅಕ್ಕಿ ಹೋಗ್ತದೆ, ಅಲ್ಲಿಂದ ತೆಂಗಿನ ನಾರು ಬರ್ತದೆ ಅಂತ. ಹಾಗಿರುವಾಗ "ದಾರಿ ಕಂಡುಹಿಡಿದರು" ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುವಾಗ ನನಗೆ ಹೊಟ್ಟೆ ಉರೀತದೆ. ವ್ಯಾಪಾರ ಇತ್ತು, ಅವರು ಹಡಗಲ್ಲಿ ಫಿರಂಗಿ ಇಟ್ಕೊಂಡು ಬಂದದ್ದು.

ನೀರ್ಚಾಲ್:
ವಸಾಹತಿನ ಕಾರಣ ಬೇರೆಯೇ ಉಂಟು, ಅದಕ್ಕೆ ಸಕ್ಕರೆ ನೋಡ್ಬೇಕು. ಅಟ್ಲಾಂಟಿಕ್ ಕಡಲಿನ ಮಡೀರಾ ದ್ವೀಪದಲ್ಲಿ ಪೋರ್ಚುಗೀಸರು ಕಬ್ಬು ಹಾಕಿ ಗುಲಾಮರನ್ನು ದುಡಿಸಿದ್ದು ಕೊಲಂಬಸ್ ಹೊರಡುವ ಮೊದಲೇ. ಅದೇ ಪಾಠವನ್ನು ಬ್ರೆಜಿಲಿಗೆ ತಕ್ಕೊಂಡು ಹೋದ್ರು. ನಮ್ಮ ಗುಡ್ಡೆಯ ಗೇರು ಆ ಬ್ರೆಜಿಲಿಂದ ಬಂದದ್ದು, ಮಲಯಾಳದಲ್ಲಿ ಇವತ್ತಿಗೂ ಪರಂಗಿಮಾವು, ಅಂದ್ರೆ ಪರಂಗಿಯವರ ಮಾವು, ಅಂತಲೇ ಹೇಳ್ತಾರಲ್ಲ.

ಬದಿಯಡ್ಕದ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನೋಟ್ಸಿನ ಬದಿಯಲ್ಲಿ 1415, 1517 ಅಂತ ಬರೆಸಿದೆ, ನಾಳೆ ಟೀಚರ ಹತ್ರ ಕೇಳ್ತಾಳಂತೆ. ನೀರ್ಚಾಲಿನವರೇ, ಆ ಸಕ್ಕರೆಯದ್ದು ಇನ್ನೂ ಸ್ವಲ್ಪ ಬರೀರಿ.